ಇಷ್ಟವಾಗದ ಊರಿನ ಫೋಟೊ ತೆಗೆಯುವುದು ಹೇಗೆ

ನೆದರ್ಲೆಂಡ್ಸಿನ ರಾಟರ್‌ಡ್ಯಾಮಿಗೆ ನಾನು ಬರುವುದು ಸಂಬಳಕ್ಕೆ. ಮನೆ ಡೆಲ್ಫ್ಟ್‌ನಲ್ಲಿ. ಬೆಳಿಗ್ಗೆ ಕಾಲು ಗಂಟೆಯ ರೈಲು, ಸಂಜೆ ಮತ್ತೆ ಅದೇ. ನಾಲ್ಕು ವರ್ಷವಾದರೂ ಈ ಊರಿನ ಮೇಲೆ ಮನಸ್ಸು ಕೂತಿಲ್ಲ. ಮೊದಲ ವರ್ಷದ ಫೋಟೊಗಳನ್ನು ನೋಡಿ ಅಮ್ಮ, "ಬರೀ ಗಾಜಿನ ಡಬ್ಬಗಳೇ ಇವೆಯಲ್ಲೇ, ಒಂದು ಹಳೇ ಬೀದಿ ಇಲ್ವಾ ಅಲ್ಲಿ?" ಎಂದಳು.

ನಡು ಊರಿನಲ್ಲಿ ಇಲ್ಲವೆಂದೇ ಹೇಳಬೇಕು. 1940ರ ಮೇ 14ರಂದು ಜರ್ಮನ್ ವಿಮಾನಗಳು ಬಾಂಬು ಸುರಿಸಿ, ಆಮೇಲೆ ಬೆಂಕಿ ಹಬ್ಬಿ, ನಡು ಊರು ಸುಟ್ಟುಹೋಯಿತು. ಈಗ ಕಾಣುವುದು ಆ ಬಯಲಿನ ಮೇಲೆ ಎದ್ದದ್ದು. ಇದು ತಲೆಗೆ ಹೋದ ಮೇಲೆ ನಾನು ಚಂದದ ಮೂಲೆ ಹುಡುಕುವುದನ್ನು ಬಿಟ್ಟು, ಹಳತು ಹೊಸತಿಗೆ ಹೊಲಿಗೆ ಬಿದ್ದ ಜಾಗ ಹುಡುಕತೊಡಗಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಹೊಲಿಗೆಯ ಗುರುತು ನೆಲದಲ್ಲೇ ಇದೆ. ಬೆಂಕಿ ನಿಂತ ಗಡಿಯುದ್ದಕ್ಕೂ ಪಾದಚಾರಿ ದಾರಿಯಲ್ಲಿ ದುಂಡನೆಯ ದೀಪಗಳನ್ನು ಹೂತಿದ್ದಾರೆ. ಅಂಥ ಒಂದು ದೀಪದ ಮೇಲೆ ನಿಂತು ಎರಡೂ ಕಡೆ ನೋಡಿ: ಒಂದು ಕಡೆ ಹಳೆಯ ಇಟ್ಟಿಗೆ ಮನೆಗಳು ಉಳಿದಿದ್ದರೆ, ಇನ್ನೊಂದು ಕಡೆ ಯುದ್ಧದ ನಂತರದ ಕಾಂಕ್ರೀಟು. ಎರಡೂ ಒಂದೇ ಚೌಕಟ್ಟಿಗೆ ಬರುವವರೆಗೆ ಹಿಂದೆ ಸರಿಯಿರಿ. ಸೈಕಲ್ ದಾರಿಗೆ ಮಾತ್ರ ಸರಿಯಬೇಡಿ, ಇಲ್ಲಿನವರು ಬೆಲ್ ಹೊಡೆಯುವುದು ಒಂದೇ ಸಲ.

ನಡೆಯಲು ಸಮಯವಿಲ್ಲದವರು ಔದೆ ಹಾವೆನ್ ಎಂಬ ಹಳೆ ಬಂದರಿಗೆ ಹೋಗಿ. 1898ರ ಬಿಳಿ ಕಟ್ಟಡ ವಿಟ್ಟೆ ಹೌಸ್ ಬಾಂಬಿಗೆ ಬೀಳದೆ ಉಳಿದಿದೆ. ಪಕ್ಕದಲ್ಲೇ 1984ರ ಹಳದಿ ಘನಾಕೃತಿ ಮನೆಗಳು, ಮೂಲೆಯ ಮೇಲೆ ನಿಲ್ಲಿಸಿದ ಪೆಟ್ಟಿಗೆಗಳ ಹಾಗೆ. ಎಲ್ಲರೂ ಆ ಮನೆಗಳ ಅಂಗಳದಲ್ಲಿ ನಿಂತು ಕತ್ತೆತ್ತಿ ತೆಗೆಯುತ್ತಾರೆ. ಆ ಫೋಟೊ ಸಾವಿರ ಇವೆ, ಮೇಲಾಗಿ ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ನೀವು ನೀರಿನ ಆಚೆಗೆ ಹೋಗಿ, ದೋಣಿಗಳನ್ನು ಮುಂದಿಟ್ಟುಕೊಂಡು ಎರಡೂ ಕಾಲವನ್ನು ಒಟ್ಟಿಗೆ ಹಿಡಿಯಿರಿ. ಮೊಬೈಲೇ ಸಾಕು. ಆದರೆ ಅದನ್ನು ಮೇಲಕ್ಕೆ ವಾಲಿಸಬೇಡಿ, ಕಟ್ಟಡಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ನೇರ ಹಿಡಿದು ತೆಗೆದು, ಕೆಳಗೆ ಬಂದ ಹೆಚ್ಚುವರಿ ನೆಲವನ್ನು ಆಮೇಲೆ ಕತ್ತರಿಸಿ.

ಕೆಲಸಕ್ಕೆ ಬರುವವರಿಗೆ ಪ್ರವಾಸಿಗರಿಗಿಲ್ಲದ ಒಂದು ಅನುಕೂಲವಿದೆ: ಚಳಿಗಾಲ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸುಮಾರು ನಾಲ್ಕೂವರೆಗೆ. ಐದಕ್ಕೆ ಆಫೀಸಿನಿಂದ ಹೊರಬಿದ್ದರೆ ಆಕಾಶ ಗಾಢ ನೀಲಿ, ಕಿಟಕಿಗಳಲ್ಲೆಲ್ಲ ದೀಪ. ಹಗಲಿನಲ್ಲಿ ಸಪ್ಪೆಯಾಗಿ ನಿಂತ ಅದೇ ಗಾಜಿನ ಡಬ್ಬಗಳ ಒಳಗೆ ಕುರ್ಚಿ, ಕೋಟು, ಕಸ ಗುಡಿಸುವವರು ಕಾಣುತ್ತಾರೆ. ಈ ನೀಲಿ ಅರ್ಧ ಗಂಟೆ ಉಳಿದರೆ ಹೆಚ್ಚು. ಜೂನಿನಲ್ಲಿ ಇದಕ್ಕೇ ರಾತ್ರಿ ಹತ್ತು ದಾಟುವವರೆಗೆ ಕಾಯಬೇಕು. ನಾನಂತೂ ಕಾಯುವವಳಲ್ಲ.

ಎರಾಸ್ಮಸ್ ಸೇತುವೆಯ ಬಗ್ಗೆ ಒಂದು ಎಚ್ಚರಿಕೆ. 139 ಮೀಟರ್ ಎತ್ತರದ ಆ ಬಾಗಿದ ಬಿಳಿ ಕಂಬಕ್ಕಾಗಿ ಊರಿನವರು ಅದನ್ನು ಹಂಸ ಅನ್ನುತ್ತಾರೆ. ಒಂದು ಸಂಜೆ ಅದರ ಮೇಲೆಯೇ ಟ್ರೈಪಾಡ್ ಹೂಡಿ, ಐಎಸ್‌ಒ 100, ಎಫ್/8, ಶಟರ್ ಎಂಟು ಸೆಕೆಂಡು ತೆರೆದಿರಲಿ ಎಂದು ಶಾಸ್ತ್ರೋಕ್ತವಾಗಿ ಹನ್ನೊಂದು ಫೋಟೊ ತೆಗೆದೆ. ಹನ್ನೊಂದೂ ಮಸುಕು. ಟ್ರೈಪಾಡನ್ನು ಬೈದೆ, ಗಾಳಿಯನ್ನು ಬೈದೆ. ಆಮೇಲೆ ಕಾಲಡಿಯ ನಡುಕ ಗಮನಕ್ಕೆ ಬಂತು: ಸೇತುವೆಯ ಮೇಲೆ ಟ್ರಾಮ್ ಓಡುತ್ತದೆ. ಟ್ರಾಮ್ ದಾಟಿ ಅಲುಗಾಟ ನಿಂತ ಮೇಲೆ ಒತ್ತಿ. ಅದಕ್ಕಿಂತ ಮೇಲು, ಸೇತುವೆಯಿಂದ ಇಳಿದು ನದಿ ನಡುವಿನ ನೋರ್ಡರ್‌ಐಲ್ಯಾಂಡ್ ದ್ವೀಪದ ಪಶ್ಚಿಮ ತುದಿಗೆ ಹೋಗುವುದು. ಚಳಿಗಾಲದಲ್ಲಿ ಸೂರ್ಯ ಇಳಿಯುವುದು ಅಲ್ಲಿಂದ ಕಾಣುವ ಸೇತುವೆಯ ದಿಕ್ಕಿಗೇ. ಗಾಳಿ ಜೋರಿದ್ದರೆ ಟ್ರೈಪಾಡಿನ ನಡುಗಂಬಕ್ಕೆ ಆಫೀಸ್ ಬ್ಯಾಗು ನೇತುಹಾಕಿ. ಲ್ಯಾಪ್‌ಟಾಪಿನ ಭಾರ ಒಂದು ಕೆಲಸಕ್ಕಾದರೂ ಬರಲಿ.

ಮೋಡದ ದಿನ, ಅಂದರೆ ಹೆಚ್ಚಿನ ದಿನ, ಆ ಬಾಂಬು ದಾಳಿಯ ನೆನಪಿಗೆ ಶಿಲ್ಪಿ ಜಾಡ್ಕಿನ್ ಮಾಡಿದ ಕಂಚಿನ ಪ್ರತಿಮೆಯ ಬಳಿ ಹೋಗಿ. 1953ರಲ್ಲಿ ನಿಲ್ಲಿಸಿದ್ದು. ಕೈಗಳನ್ನು ಆಕಾಶಕ್ಕೆ ಚಾಚಿದ ಮನುಷ್ಯ, ಎದೆ ಹೊಟ್ಟೆಯ ಜಾಗದಲ್ಲಿ ತೂತು. ತಗ್ಗಿನಲ್ಲಿ ಕೂತು, ಕ್ಯಾಮೆರಾದ ಬೆಳಕನ್ನು ಆಕಾಶಕ್ಕೆ ಹೊಂದಿಸಿ, ಕಂಚು ಪೂರ್ತಿ ಕಪ್ಪಾಗಲಿ. ತೂತಿನೊಳಗೆ ಬರೀ ಬೂದು ಮೋಡ ಬರಬೇಕು. ಹಿಂದಿನ ಕಟ್ಟಡದ ತುಣುಕು ಇಣುಕಿದರೆ ಅರ್ಧ ಹೆಜ್ಜೆ ಸರಿಯಿರಿ.

ಇದೊಂದನ್ನು ಅಮ್ಮನಿಗೆ ಕಳಿಸಿದ್ದೆ. "ಪಾಪ, ಯಾರೇ ಅದು?" ಎಂದು ಕೇಳಿದಳು. ರೈಲು ಬಂದಿತ್ತು, ಮನೆಗೆ ಹೋಗಿ ಫೋನ್ ಮಾಡಿದೆ.