ಗೀಸರ್‌ನ ಥರ್ಮೋಸ್ಟಾಟ್: ಕೂರಿಸುವ ಮುನ್ನ, ಬಳಸುವಾಗ, ಬದಲಿಸುವಾಗ

ಬಚ್ಚಲುಮನೆಯ ಹಂಡೆಗೆ ಸೌದೆ ಉರಿ ಹಾಕುತ್ತಿದ್ದ ಕಾಲದಲ್ಲಿ ನೀರಿನ ಹದ ನೋಡುವ ಕೆಲಸ ಮನೆಯ ಹಿರಿಯರ ಬೆರಳಿಗೆ ಸೇರಿತ್ತು. ಈಗ ಅದೇ ಕೆಲಸವನ್ನು ಗೀಸರ್‌ನ ತಳದ ಮುಚ್ಚಳದೊಳಗೆ ಅಡಗಿರುವ, ಹೆಚ್ಚುಕಡಿಮೆ ಗೇಣುದ್ದದ ಒಂದು ಕಡ್ಡಿ ಮಾಡುತ್ತದೆ. ಅದೇ ಥರ್ಮೋಸ್ಟಾಟ್. ಸಾಮಾನ್ಯ ಮಾದರಿಯಲ್ಲಿ ಹಿತ್ತಾಳೆಯ ಕೊಳವೆಯೊಂದರ ಒಳಗೆ ಇನ್ವಾರ್ ಎಂಬ ಮಿಶ್ರಲೋಹದ ಸರಳು ಇರುತ್ತದೆ. ನೀರು ಕಾದಂತೆ ಹಿತ್ತಾಳೆ ಹಿಗ್ಗುತ್ತದೆ, ಇನ್ವಾರ್ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಎರಡರ ಉದ್ದದಲ್ಲಿ ಉಂಟಾಗುವ ಕೂದಲೆಳೆಯಷ್ಟು ವ್ಯತ್ಯಾಸವೇ ಬುಡದ ಸಣ್ಣ ಸ್ವಿಚ್ಚನ್ನು ಎಳೆದು ಕಾಯಿಲ್‌ಗೆ ಹೋಗುವ ವಿದ್ಯುತ್ತನ್ನು ಕಡಿಯುತ್ತದೆ. ನೀರು ತಣಿದಾಗ ಕೊಳವೆ ಕುಗ್ಗಿ ಸ್ವಿಚ್ಚು ಮತ್ತೆ ಕೂಡಿಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 2 ಕಿಲೋವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಮತ್ತು ಈ ಪುಟ್ಟ ಸ್ವಿಚ್ಚು ಪ್ರತಿ ಸಲ ಬಿಡಿಸಿಕೊಳ್ಳುವಾಗಲೂ ಅಷ್ಟು ಕರೆಂಟನ್ನು ಕಿಡಿಯೊಂದಿಗೆ ತುಂಡರಿಸುತ್ತದೆ. ವರ್ಷಗಟ್ಟಲೆ ಹೀಗೆ ಕಿಡಿ ಕಾರಿದ ಮೇಲೆ ಒಂದು ದಿನ ಅದರ ಎರಡು ತುದಿಗಳು ಒಂದಕ್ಕೊಂದು ಬೆಸೆದುಕೊಂಡು ಬಿಡಬಹುದು. ಆಗ ನೀರು ಎಷ್ಟೇ ಕಾದರೂ ವಿದ್ಯುತ್ ನಿಲ್ಲುವುದಿಲ್ಲ. ಆದ್ದರಿಂದ ಥರ್ಮೋಸ್ಟಾಟ್ ಇರುವುದು ನೀರಿನ ಹದಕ್ಕೆ. ಮನೆಯವರ ಸುರಕ್ಷತೆಯನ್ನು ಅದೊಂದರ ಮೇಲೆ ಹೊರಿಸಲಾಗದು. ಗೀಸರ್ ಕೂರಿಸುವ ಪ್ರತಿಯೊಂದು ಹಂತದಲ್ಲಿಯೂ "ಈ ಕಡ್ಡಿ ಕೆಟ್ಟುಹೋದ ದಿನ ಏನಾಗುತ್ತದೆ?" ಎಂದು ಕೇಳಿಕೊಂಡರೆ ಮುಂದೆ ಹೇಳುವ ಬಹುಪಾಲು ಎಚ್ಚರಿಕೆಗಳು ತಾವಾಗಿಯೇ ಹೊಳೆಯುತ್ತವೆ.

ಜಾಗ, ಗೋಡೆ, ವೈರಿಂಗ್

ಐಎಸ್‌ಐ ಗುರುತಿಲ್ಲದ ಗೀಸರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. ನೀರು ಸಂಗ್ರಹಿಸುವ ವಿದ್ಯುತ್ ಗೀಸರ್‌ಗಳಿಗೆ ಅನ್ವಯಿಸುವ ಭಾರತೀಯ ಮಾನದಂಡ ಐಎಸ್ 2082. ಲಂಬವಾಗಿ ತೂಗುಹಾಕುವ ಮಾದರಿಯನ್ನು ಜಾಗ ಸಾಲದೆಂದು ಅಡ್ಡಲಾಗಿ ಮಲಗಿಸಬಾರದು. ಹಾಗೆ ಮಲಗಿಸಿದರೆ ಒಳಗಿನ ಕೊಳವೆಗಳ ಮಟ್ಟವೇ ಏರುಪೇರಾಗಿ, ಕಾಯಿಲ್ ಅಥವಾ ಥರ್ಮೋಸ್ಟಾಟ್ ನೀರಿನ ಹೊರಗೆ ಉಳಿಯುವ ಸಂಭವವಿದೆ.

25 ಲೀಟರ್ ಗೀಸರ್‌ನಲ್ಲಿ ತುಂಬುವ ನೀರೇ 25 ಕಿಲೋ ತೂಗುತ್ತದೆ, ಅದರ ಮೇಲೆ ಯಂತ್ರದ ಸ್ವಂತ ತೂಕ. ಗಟ್ಟಿ ಇಟ್ಟಿಗೆಯ ಗೋಡೆಯಾದರೆ ಪೆಟ್ಟಿಗೆಯೊಂದಿಗೆ ಬರುವ ಬೋಲ್ಟುಗಳು ಸಾಕಾಗುತ್ತವೆ, ಆದರೆ ಇತ್ತೀಚಿನ ಅಪಾರ್ಟ್‌ಮೆಂಟ್‌ಗಳ ಟೊಳ್ಳು ಬ್ಲಾಕಿನ ಗೋಡೆಗೆ ಬೇರೆಯದೇ ಬಗೆಯ ಫಾಸ್ಟನರ್ ಬೇಕಾಗುತ್ತದೆ; ಡ್ರಿಲ್ ಮಾಡುವಾಗ ಬಿಟ್ ಒಮ್ಮೆಲೇ ಒಳಕ್ಕೆ ನುಗ್ಗಿದರೆ ಅಲ್ಲಿಯೇ ಕೆಲಸ ನಿಲ್ಲಿಸಿ ವಿಚಾರಿಸಬೇಕು. ಗೀಸರ್‌ನ ಕೆಳಗೆ ಒಂದಡಿಯಾದರೂ ಖಾಲಿ ಜಾಗ ಬಿಡಬೇಕು, ಏಕೆಂದರೆ ಥರ್ಮೋಸ್ಟಾಟ್ ಕಡ್ಡಿಯನ್ನು ನೇರವಾಗಿ ಕೆಳಕ್ಕೆ ಎಳೆದೇ ಹೊರತೆಗೆಯಬೇಕು. ನೋಟ ಚೆನ್ನಾಗಿರಲೆಂದು ಗೀಸರನ್ನು ಫಾಲ್ಸ್ ಸೀಲಿಂಗ್‌ನ ಮೇಲೆ ಬಚ್ಚಿಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಸೋರಿಕೆ ಕಾಣುವುದಿಲ್ಲ, ದೀಪ ಕಾಣುವುದಿಲ್ಲ, ರಿಪೇರಿಗೆ ಬಂದವನ ಕೈಯೂ ಹೋಗುವುದಿಲ್ಲ.

ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು, ಆದರೆ ಏನು ಮಾಡಿಸಬೇಕೆಂಬುದು ಮನೆಯವರಿಗೂ ತಿಳಿದಿರಬೇಕು. ಮೀಟರ್ ಬೋರ್ಡಿನಿಂದ ಗೀಸರ್‌ಗೆಂದೇ ಪ್ರತ್ಯೇಕ ಲೈನ್, ಅದಕ್ಕೆ 2.5 ಚದರ ಮಿಲಿಮೀಟರಿಗಿಂತ ಕಡಿಮೆಯಿಲ್ಲದ ತಾಮ್ರದ ತಂತಿ, ಕರೆಂಟು ಮಿತಿಮೀರಿದರೆ ಲೈನ್ ಕಡಿಯುವ 16 ಆಂಪಿಯರ್‌ನ ಎಂಸಿಬಿ, 16 ಆಂಪಿಯರ್‌ನ ಮೂರು ಪಿನ್ನಿನ ಪವರ್ ಪ್ಲಗ್ ಇರಬೇಕು. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್‌ನ ಸಾಕೆಟ್ಟಿಗೆ ಅಡಾಪ್ಟರ್ ಚುಚ್ಚಿ ಗೀಸರ್ ನಡೆಸುವವರ ಮನೆಗಳಲ್ಲಿ ಪ್ಲಗ್ಗಿನ ಪಿನ್ನುಗಳ ಬುಡ ಕಂದಾಗಿ, ಪ್ಲಾಸ್ಟಿಕ್ ಮೆತ್ತಗಾಗಿರುವುದನ್ನು ನೋಡಿದ್ದೇನೆ. ಸ್ವಿಚ್ಚು ಬಚ್ಚಲಿನ ಹೊರಗಿರಬೇಕು. ಒಳಗಿನ ಸಾಕೆಟ್ಟು ಶವರ್‌ನ ನೀರು ಸಿಡಿಯದಷ್ಟು ದೂರದಲ್ಲಿ, ಎತ್ತರದಲ್ಲಿ ಇರಬೇಕು.

ಇವೆಲ್ಲಕ್ಕಿಂತ ಮುಖ್ಯವಾದವು ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಎಂಸಿಬಿ ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಕಾಯಿಲ್ ಬಿರುಕುಬಿಟ್ಟು ನೀರಿಗೆ ವಿದ್ಯುತ್ ಹರಿಯತೊಡಗಿದಾಗ ಕ್ಷಣಾರ್ಧದಲ್ಲಿ ಲೈನ್ ಕಡಿಯುವ ಸಾಧನ ಅದೊಂದೇ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ಟು ಇದ್ದರೂ ಅದರ ಹಿಂದೆ ಅರ್ಥ್ ತಂತಿಯನ್ನೇ ಎಳೆದಿರದ ಉದಾಹರಣೆಗಳು ಬೇಕಾದಷ್ಟಿವೆ, ಆದ್ದರಿಂದ ಸಾಕೆಟ್ಟಿನ ರೂಪ ನೋಡಿ ಸಮಾಧಾನಪಡದೆ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಬೇಕು. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಅದರ ಸ್ವಿಚ್ಚು ಕೆಳಕ್ಕೆ ಬೀಳುತ್ತದೆಯೇ ಎಂದು ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ತೊಟ್ಟಿಕ್ಕುವ ವಾಲ್ವ್

ನೀಲಿ ಗುರುತಿನದು ತಣ್ಣೀರು ಒಳಬರುವ ದಾರಿ, ಕೆಂಪಿನದು ಬಿಸಿನೀರು ಹೊರಹೋಗುವ ದಾರಿ. ಬಿಸಿನೀರಿನ ಪೈಪು ಸಿಪಿವಿಸಿ ಅಥವಾ ಬಿಸಿ ತಡೆಯುವ ಬೇರೆ ಬಗೆಯದಾಗಿರಬೇಕು, ಸಾಮಾನ್ಯ ಪಿವಿಸಿ ಬಾಗಿ ಬಿಡುತ್ತದೆ. ಪೈಪುಗಳ ಬಗ್ಗೆ ಇಷ್ಟು ಸಾಕು. ಹೆಚ್ಚು ಹೇಳಬೇಕಾದದ್ದು ತಣ್ಣೀರಿನ ದಾರಿಯಲ್ಲಿ ಕೂರಿಸುವ ಸೇಫ್ಟಿ ವಾಲ್ವ್ ಬಗ್ಗೆ.

ನೀರು ಕಾದಾಗ ಹಿಗ್ಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಏರುವಷ್ಟರಲ್ಲಿ 15 ಲೀಟರ್ ನೀರು ಸುಮಾರು 200 ಮಿಲಿಲೀಟರ್, ಎಂದರೆ ಒಂದು ಲೋಟದಷ್ಟು ಹೆಚ್ಚಾಗುತ್ತದೆ. ಹಿಂದಕ್ಕೆ ಹೋಗೋಣವೆಂದರೆ ವಾಲ್ವ್‌ನೊಳಗಿನ ತಡೆ ಬಿಡುವುದಿಲ್ಲ, ಮುಂದಕ್ಕೆ ಹೋಗೋಣವೆಂದರೆ ನಲ್ಲಿ ಮುಚ್ಚಿದೆ. ಒತ್ತಡ ನಿಗದಿತ ಮಿತಿಯನ್ನು, ಅನೇಕ ಮಾದರಿಗಳಲ್ಲಿ 8 ಬಾರ್ ಅನ್ನು, ಮುಟ್ಟಿದಾಗ ವಾಲ್ವ್ ಆ ಹೆಚ್ಚುವರಿ ನೀರನ್ನು ಪಕ್ಕದ ಸಣ್ಣ ಮೂತಿಯಿಂದ ತೊಟ್ಟು ತೊಟ್ಟಾಗಿ ಹೊರಹಾಕುತ್ತದೆ. ಕಾಯುವ ಹೊತ್ತಿನಲ್ಲಿ ಮಾತ್ರ ಹೀಗೆ ತೊಟ್ಟಿಕ್ಕಿದರೆ ಅದು ದೋಷವಲ್ಲ, ಆರೋಗ್ಯದ ಲಕ್ಷಣ.

ನಮ್ಮ ಮನೆಯಲ್ಲಿಯೇ ಇದು ಅರ್ಥವಾಗದೆ ಒಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ನೆಲ ಒದ್ದೆಯಾಗುತ್ತದೆಂದು ದೂರಿದ್ದಕ್ಕೆ, ಬಂದಿದ್ದ ಪ್ಲಂಬರ್ ಆ ಮೂತಿಗೆ ಒಂದು ಕ್ಯಾಪ್ ತಿರುಗಿಸಿ, ಟೆಫ್ಲಾನ್ ಟೇಪು ಸುತ್ತಿ, "ಇನ್ನು ಒಂದು ಹನಿಯೂ ಬೀಳಲ್ಲ ಸಾರ್" ಎಂದು ಹೇಳಿ ಹೋದರು. ನಿಜಕ್ಕೂ ಬೀಳಲಿಲ್ಲ. ಎರಡು ವಾರದ ನಂತರ ಗೀಸರ್‌ನ ಕೆಳಗಿನ ಜೋಡಣೆಯೊಂದು ಪಿಚಕಾರಿಯಂತೆ ಚಿಮ್ಮಿದಾಗಲೇ ನಾವು ಮುಚ್ಚಿದ್ದು ಏನನ್ನು ಎಂಬುದು ತಿಳಿದದ್ದು. ಅಂದು ಥರ್ಮೋಸ್ಟಾಟ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅದೂ ಕೆಟ್ಟಿದ್ದರೆ ಎಂದು ಯೋಚಿಸಲು ಈಗಲೂ ಇಷ್ಟವಾಗುವುದಿಲ್ಲ. ಮುಚ್ಚಿದ ಟ್ಯಾಂಕಿನಲ್ಲಿ ನೀರು 100 ಡಿಗ್ರಿ ದಾಟಿಯೂ ಒತ್ತಡದಿಂದಾಗಿ ದ್ರವವಾಗಿಯೇ ಇರಬಲ್ಲದು, ಟ್ಯಾಂಕು ಬಿರಿದೊಡನೆ ಅದರ ಒಂದು ಭಾಗ ಹಬೆಯಾಗುತ್ತದೆ, ಮತ್ತು ಒಂದು ಲೀಟರ್ ನೀರು ಹಬೆಯಾದರೆ ಸಾವಿರದ ಐನೂರು ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಆ ಮೂತಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು; ಅದಕ್ಕೊಂದು ಸಣ್ಣ ಕೊಳವೆ ಸಿಕ್ಕಿಸಿ, ಕೆಳಮುಖವಾಗಿ, ತುದಿ ತೆರೆದಿರುವಂತೆ ಬಚ್ಚಲಿನ ನೀರು ಹೋಗುವ ಕಿಂಡಿಯವರೆಗೆ ಬಿಡಬೇಕು. ವಾಲ್ವ್‌ಗೂ ಟ್ಯಾಂಕಿಗೂ ನಡುವೆ ಬೇರಾವ ನಲ್ಲಿಯನ್ನೂ ಕೂರಿಸಬಾರದು.

ತಣ್ಣಗಿರುವಾಗಲೂ ಸತತವಾಗಿ ಸೋರುತ್ತಿದ್ದರೆ ಆಗ ಮಾತ್ರ ಒತ್ತಡವನ್ನು ಅಥವಾ ವಾಲ್ವನ್ನು ಅನುಮಾನಿಸಬೇಕು. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಸೇರುತ್ತದೆ. ತಾರಸಿಯ ಟ್ಯಾಂಕಿನಿಂದ ಹದಿನೈದು ಮಹಡಿ ಕೆಳಗಿರುವ ಮನೆಯಲ್ಲಿ ಅದು ನಾಲ್ಕು ಬಾರ್ ದಾಟಿರುತ್ತದೆ, ಪ್ರೆಷರ್ ಪಂಪ್ ಇದ್ದರೆ ಇನ್ನೂ ಹೆಚ್ಚು. ಅಂಥ ಕಡೆ ಗೀಸರ್‌ನ ಮೇಲಿನ ಫಲಕದಲ್ಲಿ ಬರೆದಿರುವ ಒತ್ತಡದ ಮಿತಿಯನ್ನು ಓದಿಯೇ ಕೊಳ್ಳಬೇಕು.

ಮೊದಲ ಸಲ ಹಾಕುವಾಗ, ಗುಬ್ಬಿ ತಿರುಗಿಸುವಾಗ

ಸ್ವಿಚ್ಚು ಹಾಕುವ ಮೊದಲು ಟ್ಯಾಂಕು ತುಂಬಿರಬೇಕು. ತಣ್ಣೀರಿನ ವಾಲ್ವ್ ತೆರೆದು, ಬಿಸಿನೀರಿನ ನಲ್ಲಿಯನ್ನು ಬಿಟ್ಟುಕೊಂಡು ನಿಲ್ಲಿ. ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ಬಿಕ್ಕಳಿಸುತ್ತಾ ನೀರು ಬರುತ್ತದೆ, ಕೊನೆಗೆ ಧಾರೆ ಒಂದೇ ಸಮ ಆಗುತ್ತದೆ. ಬಿಸಿನೀರಿನ ಕೊಳವೆಯ ಬಾಯಿ ಟ್ಯಾಂಕಿನ ಮೇಲ್ಭಾಗದಲ್ಲಿರುವುದರಿಂದ, ಈ ಒಂದೇ ಸಮದ ಧಾರೆಯೇ ಟ್ಯಾಂಕು ತುಂಬಿದೆ ಎಂಬುದಕ್ಕೆ ಸಾಕ್ಷಿ. ಖಾಲಿ ಟ್ಯಾಂಕಿನಲ್ಲಿ ಸ್ವಿಚ್ಚು ಹಾಕಿದರೆ ಕೆಲವೇ ನಿಮಿಷಗಳಲ್ಲಿ ಕಾಯಿಲ್ ಸುಟ್ಟುಹೋಗಬಹುದು.

ಬಿಸಿಯ ಮಟ್ಟ ಹೊಂದಿಸುವ ಗುಬ್ಬಿಯನ್ನು ಎಷ್ಟಕ್ಕೆ ಇಡಬೇಕು? ಗರಿಷ್ಠಕ್ಕೆ ಇಟ್ಟರೆ ಬೇಗ ಕಾಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಾಯಿಲ್‌ನ ಶಕ್ತಿ ಅಷ್ಟೇ ಇರುತ್ತದೆ, ಕಡಿಯುವ ಘಳಿಗೆ ಮಾತ್ರ ಮುಂದೆ ಹೋಗುತ್ತದೆ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 2 ಕಿಲೋವಾಟ್‌ನ ಕಾಯಿಲ್‌ಗೆ ಸುಮಾರು 18 ನಿಮಿಷ ಹಾಗೂ 0.6 ಯೂನಿಟ್ ವಿದ್ಯುತ್ ಬೇಕು. 25 ಲೀಟರಿಗೆ ಅರ್ಧ ಗಂಟೆ, ಒಂದು ಯೂನಿಟ್. ನನ್ನ ಸಲಹೆ 55ರಿಂದ 60 ಡಿಗ್ರಿಯ ನಡುವೆ. ಬೆಚ್ಚಗಷ್ಟೇ ಇರುವ ನಿಂತ ನೀರಿನಲ್ಲಿ, ಮುಖ್ಯವಾಗಿ 20ರಿಂದ 45 ಡಿಗ್ರಿಯವರೆಗೆ, ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯ ಬೆಳೆಯುತ್ತದೆ, ಆದ್ದರಿಂದ ತೀರಾ ಕೆಳಗಿಡುವುದೂ ಒಳ್ಳೆಯದಲ್ಲ. ಮೇಲಕ್ಕೆ ಹೋದಷ್ಟೂ ಸುಡುವ ಭಯ: 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ, 70 ಡಿಗ್ರಿಯದು ತಾಗಿದೊಡನೆ ಎಂಬಂತೆ, ದೊಡ್ಡವರ ಚರ್ಮವನ್ನೂ ಆಳವಾಗಿ ಸುಡುತ್ತದೆ. ಮಕ್ಕಳ ಹಾಗೂ ವೃದ್ಧರ ಚರ್ಮ ಇನ್ನೂ ತೆಳು. ಆದುದರಿಂದ ಬಕೆಟ್ಟಿಗೆ ಯಾವಾಗಲೂ ಮೊದಲು ತಣ್ಣೀರು, ಅದರ ಮೇಲೆ ಬಿಸಿನೀರು ಬಿಡಬೇಕು. ಕೈಯಾಡಿಸಿ ನೋಡಿದ ಮೇಲೆಯೇ ಮಗುವನ್ನು ಬಚ್ಚಲಿಗೆ ಕರೆಯಬೇಕು. 60 ಡಿಗ್ರಿಯ 15 ಲೀಟರ್ ನೀರು ತಣ್ಣೀರಿನೊಂದಿಗೆ ಬೆರೆತು ಮೈಗೆ ಹಿತವಾದ 40 ಡಿಗ್ರಿಯ ಸುಮಾರು 35 ಲೀಟರ್ ಆಗುತ್ತದೆ ಎಂಬುದನ್ನು ನೆನಪಿಟ್ಟರೆ, ಗುಬ್ಬಿಯನ್ನು ಇನ್ನಷ್ಟು ತಿರುಗಿಸುವ ಆಸೆ ಕಡಿಮೆಯಾಗುತ್ತದೆ.

ಗುಬ್ಬಿಯ ಮೇಲಿನ ಅಂಕಿಯನ್ನು ಒಮ್ಮೆಯಾದರೂ ಪರೀಕ್ಷಿಸಿ ನೋಡಿ. ದೀಪ ಆರಿದ ಮೇಲೆ ಪೈಪಿನಲ್ಲಿ ನಿಂತಿದ್ದ ನೀರನ್ನು ಹೋಗಲು ಬಿಟ್ಟು, ಸ್ಟೀಲ್ ಚೊಂಬಿಗೆ ಬಿಸಿನೀರು ಹಿಡಿದು ಅಡುಗೆಯ ಥರ್ಮಾಮೀಟರ್ ಅದ್ದಬೇಕು. ಜ್ವರದ ಥರ್ಮಾಮೀಟರ್ ಇದಕ್ಕೆ ಆಗದು, ಅದರ ಅಳತೆ 42 ಡಿಗ್ರಿಯ ಆಸುಪಾಸಿಗೇ ಮುಗಿಯುತ್ತದೆ. ನಾಲ್ಕೈದು ಡಿಗ್ರಿ ಹೆಚ್ಚುಕಡಿಮೆ ಬಂದರೆ ಚಿಂತೆಯಿಲ್ಲ. ಹದಿನೈದು ಡಿಗ್ರಿ ಹೆಚ್ಚು ಬಂದರೆ ಥರ್ಮೋಸ್ಟಾಟ್ ಬದಲಿಸುವ ಕಾಲ ಬಂದಿದೆ.

ಸ್ವಿಚ್ಚು ಆರಿಸಿಯೇ ಸ್ನಾನಕ್ಕೆ ಹೋಗಬೇಕೆಂಬ ಮನೆಯ ಹಿರಿಯರ ಮಾತನ್ನು ಹಳೆಯ ಭಯವೆಂದು ತಳ್ಳಿಹಾಕಬೇಡಿ. ಅರ್ಥಿಂಗ್ ಪರೀಕ್ಷಿಸದ ಮನೆಯಲ್ಲಿ ಅದು ಕಡ್ಡಾಯ, ಪರೀಕ್ಷಿಸಿದ ಮನೆಯಲ್ಲಿಯೂ ನಷ್ಟವೇನಿಲ್ಲ. ಇದೇ ಉಸಿರಿನಲ್ಲಿ ಒಂದು ಮಾತು: ಇಲ್ಲಿ ಹೇಳಿರುವುದೆಲ್ಲ ವಿದ್ಯುತ್ ಗೀಸರ್‌ಗೆ ಮಾತ್ರ. ಗ್ಯಾಸ್ ಗೀಸರ್‌ನ ಅಪಾಯ ಬೇರೆಯದು. ಮುಚ್ಚಿದ ಬಚ್ಚಲಿನಲ್ಲಿ ಅದು ಉರಿಯುವಾಗ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಜೀವ ತೆಗೆಯಬಲ್ಲದು, ಅದನ್ನು ಬಚ್ಚಲಿನ ಒಳಗೆ ಕೂರಿಸಲೇಬಾರದು.

ಕೆಟ್ಟಾಗ ಮತ್ತು ಬದಲಿಸುವಾಗ

ನಲ್ಲಿಯಿಂದ ಹಬೆ ಉಗುಳುವುದು, ಟ್ಯಾಂಕಿನೊಳಗೆ ಕೊತಕೊತ ಸದ್ದು, ಗಂಟೆಯಾದರೂ ಆರದ ಕೆಂಪು ದೀಪ, ವಾಲ್ವ್‌ನಿಂದ ಎಡೆಬಿಡದೆ ಸುರಿಯುವ ಬಿಸಿನೀರು, ಇವು ಥರ್ಮೋಸ್ಟಾಟ್ ಬೆಸೆದುಕೊಂಡಿರುವ ಲಕ್ಷಣಗಳು. ಒಡನೆ ಮೀಟರ್ ಬೋರ್ಡಿನ ಎಂಸಿಬಿ ಇಳಿಸಿ, ಹೊರಗಿನಿಂದ ಬಚ್ಚಲಿನ ಬಾಗಿಲು ಹಾಕಿ, ಕೆಲವು ಗಂಟೆಗಳ ಕಾಲ ಗೀಸರನ್ನು ಅದರ ಪಾಡಿಗೆ ತಣಿಯಲು ಬಿಡಬೇಕು. ಬಿಸಿ ಇಳಿಸುವ ಆತುರದಲ್ಲಿ ನಲ್ಲಿ ತಿರುಗಿಸಬಾರದು, ಹಬೆ ನೇರವಾಗಿ ಕೈಗೇ ಬರುತ್ತದೆ.

ಥರ್ಮೋಸ್ಟಾಟ್ ಸೋತಾಗ ವಿದ್ಯುತ್ ಕಡಿಯಲೆಂದೇ ಥರ್ಮಲ್ ಕಟೌಟ್ ಎಂಬ ಎರಡನೆಯ ಸಾಧನವಿರುತ್ತದೆ. ಕೆಲವು ಮಾದರಿಗಳಲ್ಲಿ ಅದಕ್ಕೊಂದು ಪುಟ್ಟ ರೀಸೆಟ್ ಗುಂಡಿ ಇರುತ್ತದೆ. ಕಟೌಟ್ ಒಂದು ಸಲ ವಿದ್ಯುತ್ ಕಡಿದರೆ, ಟ್ಯಾಂಕು ತಣಿದ ಮೇಲೆ ಆ ಗುಂಡಿಯನ್ನು ಒಂದು ಸಲ ಒತ್ತಿ ನೋಡಬಹುದು. ಮತ್ತೆ ಕಡಿದರೆ ಮೂಲ ಕಾರಣ ಹುಡುಕಬೇಕೇ ಹೊರತು, ಅದನ್ನು ತಂತಿಯಿಂದ ನೇರ ಜೋಡಿಸಿ "ಸರಿ ಮಾಡಿಕೊಡುವ" ರಿಪೇರಿಯವರಿಗೆ ಅವಕಾಶ ಕೊಡಬಾರದು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಇಂಥ ತೊಂದರೆ ಬೇಗ ಬರುತ್ತದೆ. ಗಡಸು ನೀರು ಕಾದಾಗ ಸುಣ್ಣದಂಥ ಬಿಳಿ ಪದರ ಕಾಯಿಲ್‌ನ ಮೇಲೂ ಥರ್ಮೋಸ್ಟಾಟ್ ಕೂರುವ ಕೊಳವೆಯ ಮೇಲೂ ಕಟ್ಟಿಕೊಂಡು, ನೀರಿನ ನಿಜವಾದ ಬಿಸಿ ಕಡ್ಡಿಗೆ ತಡವಾಗಿ ತಿಳಿಯುತ್ತದೆ. ಅಂಥ ಕಡೆ ವರ್ಷಕ್ಕೊಮ್ಮೆ ಪದರ ಕೆರೆಸಿ, ಟ್ಯಾಂಕಿನ ಬದಲು ತಾನು ಸವೆಯುವ ಮೆಗ್ನೀಸಿಯಂ ಆನೋಡ್ ಸರಳನ್ನೂ ನೋಡಿಸಬೇಕು.

ಥರ್ಮೋಸ್ಟಾಟ್ ಬದಲಿಸಲು ಎಲೆಕ್ಟ್ರಿಷಿಯನ್ ಬಂದಾಗ ಮೂರು ಸಂಗತಿಗಳನ್ನು ಪಕ್ಕದಲ್ಲಿ ನಿಂತು ನೋಡಿ. ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಟೆಸ್ಟರ್ ಹಚ್ಚಿ ನೋಡಿದ ಮೇಲೆಯೇ ಮುಚ್ಚಳ ಬಿಚ್ಚುತ್ತಾರೆಯೇ. ತಂತಿ ಕಳಚುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳುತ್ತಾರೆಯೇ. ಹೊಸ ಕಡ್ಡಿಯ ಉದ್ದವೂ ಆಂಪಿಯರ್ ಅಂಕಿಯೂ ಹಳೆಯದಕ್ಕೆ ಸರಿಹೊಂದುತ್ತವೆಯೇ. ಕಡ್ಡಿ ಗಿಡ್ಡವಾದರೆ ಅದು ಅಳೆಯುವುದು ಟ್ಯಾಂಕಿನ ತಳದ ತಣ್ಣೀರನ್ನು. ತಂತಿಯ ತುದಿಯ ಕ್ಲಿಪ್ಪು ಸಡಿಲವಾಗಿದ್ದರೆ ಅಥವಾ ಕಪ್ಪಾಗಿದ್ದರೆ ಅದನ್ನೂ ಅಂದೇ ಬದಲಿಸಬೇಕು, ಇಲ್ಲದಿದ್ದರೆ ಹೊಸ ಥರ್ಮೋಸ್ಟಾಟ್ ಆ ಸಡಿಲ ಜೋಡಣೆಯ ಬಿಸಿಗೇ ಕೆಡುತ್ತದೆ. ಕೆಲಸ ಮುಗಿದ ಮೇಲೆ ದೀಪ ಹತ್ತಿ, ಲೆಕ್ಕದ ಹೊತ್ತಿಗೆ ಆರುವವರೆಗೂ ಅವರನ್ನು ಒಂದು ಕಾಫಿ ಕೊಟ್ಟು ಕೂರಿಸಿಕೊಳ್ಳಿ. ಮುಚ್ಚಳ ಹಾಕುವ ಮುನ್ನ ಅದರ ಒಳಬದಿಯಲ್ಲಿ ಮಾರ್ಕರ್‌ನಿಂದ ದಿನಾಂಕ ಬರೆದಿಡಿ. ನಮ್ಮ ಗೀಸರ್‌ನ ಮುಚ್ಚಳದಲ್ಲಿ ಅಂಥ ಮೂರು ದಿನಾಂಕಗಳಿವೆ, ಮೂರನೆಯದರ ಪಕ್ಕದಲ್ಲಿ "ಕ್ಯಾಪ್ ಹಾಕಬೇಡಿ" ಎಂದೂ ಬರೆದಿದೆ.