ಬೆಳಗ್ಗೆ ಕೊಟ್ಟಿಗೆ, ಮಧ್ಯಾಹ್ನ ಮೈಸೂರು: ಹೈನು ಫಾರ್ಮ್‌ಗೆ ಹೊರಟ ವಿದ್ಯಾರ್ಥಿಗಳಿಗೆ

ನಂಜನಗೂಡು, ಟಿ. ನರಸೀಪುರ, ಶ್ರೀರಂಗಪಟ್ಟಣದ ಕಡೆಯ ಹೈನು ಫಾರ್ಮೊಂದರಲ್ಲಿ ರಜೆಯ ಹತ್ತು ಹದಿನೈದು ದಿನ ಕೆಲಸಕ್ಕೆ ಕೈಜೋಡಿಸಿ, ಬಿಡುವಿನಲ್ಲಿ ಮೈಸೂರು ನೋಡುವ ಯೋಚನೆಯಿದ್ದರೆ ಮೊದಲು ಗಡಿಯಾರ ನೋಡಿ. ಹಾಲು ಕರೆಯುವುದು ಬೆಳಗ್ಗೆ ಐದರ ಆಸುಪಾಸು, ಮತ್ತೆ ಸಂಜೆ ನಾಲ್ಕರ ಆಸುಪಾಸು. ಹಳ್ಳಿಯ ಡೈರಿ ಬಾಗಿಲು ಹಾಕುವ ಮುಂಚೆ ಕ್ಯಾನು ಅಲ್ಲಿರಬೇಕು. ಹಾಗಾಗಿ ಪೇಟೆಗೆ ಉಳಿಯುವುದು ಹತ್ತರಿಂದ ಮೂರು ಗಂಟೆಯವರೆಗಿನ ಹೊತ್ತು ಮಾತ್ರ. ವಾರಕ್ಕೊಂದು ಸಂಜೆ ಬಿಡುವು ಬೇಕೆಂದರೆ ಫಾರ್ಮಿನವರಿಗೆ ಬರುವ ಮುಂಚೆಯೇ ಹೇಳಿ. ಊಟ, ಮಲಗುವ ಜಾಗ, ಶೌಚಾಲಯದ ಮಾತೂ ಆಗಲೇ ಮುಗಿಯಲಿ.

ಮೊಣಕಾಲವರೆಗಿನ ಗಮ್ ಬೂಟು ಮತ್ತು ಕೊಟ್ಟಿಗೆಗೇ ಮೀಸಲಾದ ಎರಡು ಜೊತೆ ಹಳೆ ಬಟ್ಟೆ ತನ್ನಿ. ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷವಾಯಿತೆಂದು ಮನೆಯಲ್ಲಿ ಕೇಳಿಕೊಳ್ಳಿ. ಹವಾಯಿ ಚಪ್ಪಲಿಯಲ್ಲಿ ಕೊಟ್ಟಿಗೆಗೆ ಇಳಿಯಬೇಡಿ. ಗಂಜಲದ ನೆಲ ಜಾರುತ್ತದೆ, ಕಾಲಿನ ಗಾಯದ ಮೂಲಕ ಇಲಿಜ್ವರವೂ ಹತ್ತಬಹುದು. ಕಂದು ಹಾಕಿದ, ಅಂದರೆ ಗರ್ಭಪಾತವಾದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಾಯಿಸದ ಹಾಲು ಕುಡಿಯಬೇಡಿ. ಬ್ರುಸೆಲ್ಲಾ ರೋಗ ಮನುಷ್ಯರಿಗೆ ಹರಡುವುದು ಹೆಚ್ಚಾಗಿ ಇವೆರಡು ದಾರಿಯಲ್ಲೇ.

ಮೊದಲ ಎರಡು ಮೂರು ದಿನ ಸಗಣಿ ಬಾಚುವುದು, ನೀರು ಹಾಕುವುದು, ಮೇವು ಹೊರುವುದಷ್ಟೇ ನಿಮ್ಮ ಪಾಲಿಗೆ. ಬೇಸರ ಬೇಡ, ಹಸುಗಳಿಗೆ ನಿಮ್ಮ ವಾಸನೆ ಒಗ್ಗುವುದು ಈ ಹೊತ್ತಿನಲ್ಲೇ. ಹತ್ತಿರ ಹೋಗುವಾಗ ಹೆಗಲ ಕಡೆಯಿಂದ, ಮಾತಾಡಿಸುತ್ತ ಹೋಗಿ. ಹಸು ಹಿಂಗಾಲನ್ನು ಮುಂದಕ್ಕೂ ಪಕ್ಕಕ್ಕೂ ಬೀಸಿ ಒದೆಯುತ್ತದೆ, ಆದ್ದರಿಂದ ತೊಡೆಯ ಪಕ್ಕದಲ್ಲಿ ಒಂದಡಿ ದೂರ ನಿಂತವರಿಗೇ ಪೆಟ್ಟು ಜೋರು. ನಿಲ್ಲುವುದಾದರೆ ಮೈಗೆ ಅಂಟಿ ನಿಲ್ಲಿ, ಇಲ್ಲವೇ ದೂರವಿರಿ.

ಸುಮಾರು 400 ಕಿಲೋ ತೂಗುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುವಿಗೆ ದಿನಕ್ಕೆ 20ರಿಂದ 25 ಕಿಲೋ ಹಸಿಮೇವು, 5 ಕಿಲೋದಷ್ಟು ರಾಗಿಹುಲ್ಲು, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಲೆಕ್ಕದಲ್ಲಿ ಪಶು ಆಹಾರ ಬೇಕು. ನೀರು 60 ಲೀಟರಿಗೆ ಕಮ್ಮಿಯಿಲ್ಲ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹೊಸಬರ ಪ್ರೀತಿಯೇ ಇಲ್ಲಿ ಅಪಾಯ: ಮಿಕ್ಕ ಅನ್ನ, ಮುದ್ದೆಯನ್ನು ಬಕೆಟ್‌ಗಟ್ಟಲೆ ಸುರಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಹಸು ಮೇವು ಬಿಡುತ್ತದೆ, ಕೆಲವೊಮ್ಮೆ ಮಲಗಿದ್ದು ಏಳುವುದೇ ಇಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರನ್ನಂತೂ ಹಸಿಯಾಗಿ ಹಾಕಲೇಬೇಡಿ. ಅದರಲ್ಲಿ ಸಯನೈಡ್ ವಿಷವಿರುತ್ತದೆ, ಹಸು ನಿಮಿಷಗಳಲ್ಲಿ ಉರುಳಬಹುದು. ಮೇವು ಕತ್ತರಿಸುವ ಯಂತ್ರಕ್ಕೆ ದುಪಟ್ಟಾ, ಬಳೆ, ಉದ್ದ ತೋಳಿನ ಅಂಗಿ ಕೂಡದು. ಸಿಕ್ಕಿಕೊಂಡ ಹುಲ್ಲನ್ನು ಎಳೆಯುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಚಕ್ರ ಪೂರ್ತಿ ನಿಲ್ಲಲಿ.

ಕರೆಯಲು ಕೂರಿಸಿದ ದಿನ ಮೊಬೈಲು ಹೊರಗಿಟ್ಟು ಬನ್ನಿ. ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಹಸುವಿಗೊಂದೊಂದು ಬಟ್ಟೆ ಇರಬೇಕು. ಪ್ರತಿ ಮೊಲೆಯ ಮೊದಲ ಮೂರು ನಾಲ್ಕು ಧಾರೆಯನ್ನು ಕಪ್ಪು ತಳದ ಬಟ್ಟಲಿಗೆ ಹಿಂಡಿ ನೋಡಿ. ಗರಣೆ, ನೀರು ನೀರು, ರಕ್ತದ ಎಳೆ ಕಂಡರೆ ಕೆಚ್ಚಲು ಬಾವು ಇರಬಹುದು. ಆ ಹಾಲನ್ನು ಕ್ಯಾನಿಗೆ ಬೆರೆಸದೆ ತಕ್ಷಣ ಮಾಲೀಕರಿಗೆ ತೋರಿಸಿ, ಆ ಹಸುವನ್ನು ಕೊನೆಗೆ ಕರೆಯಿರಿ. ಕೆಚ್ಚಲು ತೊಳೆದು ನೀವಿದ ಮೇಲೆ ಹಸು ಸೊರೆ ಬಿಡುತ್ತದೆ, ಅಂದರೆ ಹಾರ್ಮೋನೊಂದರ ಬಲದಿಂದ ಹಾಲು ಮೊಲೆಗೆ ಇಳಿಯುತ್ತದೆ. ಆ ಹಾರ್ಮೋನಿನ ಬಲ ಐದಾರು ನಿಮಿಷ ಮಾತ್ರ. ಅಷ್ಟರಲ್ಲಿ ಮುಗಿಸದಿದ್ದರೆ ಹಾಲು ಒಳಗೇ ಉಳಿದು ಬಾವಿಗೆ ದಾರಿಯಾಗುತ್ತದೆ. ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತುವುದು ಬೇಡ, ಮೊಲೆಯ ಒಳಪದರ ಜಜ್ಜಿಹೋಗುತ್ತದೆ. ಇಡೀ ಅಂಗೈಯಲ್ಲಿ ಹಿಡಿದು ಮೇಲಿನ ಬೆರಳಿನಿಂದ ಒಂದೊಂದಾಗಿ ಬಿಗಿಮಾಡುತ್ತ ಬನ್ನಿ. ಮುಗಿದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಗೋದಲಿಗೆ ಮೇವು ಹಾಕಿ. ಮೊಲೆಯ ತೂತು ಮುಚ್ಚಲು ಅರ್ಧ ಗಂಟೆ ಬೇಕು, ಮೇವಿದ್ದರೆ ಹಸು ಅಷ್ಟು ಹೊತ್ತು ಮಲಗದೆ ನಿಂತಿರುತ್ತದೆ.

ಇನ್ನು ಪೇಟೆ. ಸ್ನಾನ ಮಾಡಿ, ಬಟ್ಟೆ ಬದಲಿಸಿ, ಬೂಟು ಫಾರ್ಮಿನಲ್ಲೇ ಬಿಟ್ಟು ಹೊರಡಿ. ಇದು ನಾಜೂಕಿನ ಮಾತಲ್ಲ. ಕಾಲುಬಾಯಿ ರೋಗದ ವೈರಸ್ ಪಾದರಕ್ಷೆಯಲ್ಲಿ, ಬಟ್ಟೆಯಲ್ಲಿ ಸಾಗುತ್ತದೆ, ಮೈಸೂರಿನ ಮೃಗಾಲಯದಲ್ಲಿ ಅದು ತಗಲಬಲ್ಲ ಜಿಂಕೆ, ಕಾಟಿಗಳಿವೆ. ಫಾರ್ಮಿನಲ್ಲಿ ಜೊಲ್ಲು ಸುರಿಸುತ್ತ ಕುಂಟುವ ಹಸು ಕಂಡರೆ ಆ ವಾರ ಮೃಗಾಲಯ ಬಿಟ್ಟುಬಿಡಿ, ಬೇರೆ ಕೊಟ್ಟಿಗೆಗಳಿಗೂ ಹೋಗಬೇಡಿ. ಬೂಟಿನ ಸಗಣಿ ಉಜ್ಜಿ ತೆಗೆದ ಮೇಲೆ, ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಅದರಲ್ಲಿ ತೊಳೆಯಿರಿ. ಅಡುಗೆ ಸೋಡಾ ಆಗುವುದಿಲ್ಲ.

ಒಂದು ಮಧ್ಯಾಹ್ನಕ್ಕೆ ಅರಮನೆ ಮತ್ತು ದೇವರಾಜ ಮಾರುಕಟ್ಟೆ ಸಾಕು. ನಗರ ಬಸ್ ನಿಲ್ದಾಣದಿಂದ ಎರಡಕ್ಕೂ ನಡೆದೇ ಹೋಗಬಹುದು. ಅರಮನೆ ತೆರೆಯುವುದು ಹತ್ತಕ್ಕೆ. ಚಪ್ಪಲಿ ಹೊರಗೆ ಬಿಡಬೇಕು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿದ್ದಿದು, ಮುಗಿದದ್ದು 1912ರಲ್ಲಿ. ಮೃಗಾಲಯಕ್ಕೆ ಇನ್ನೊಂದು ದಿನ ಇಡಿ, ಮಂಗಳವಾರ ಬೇಡ, ಅವತ್ತು ರಜೆ. ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುವುದು ಸುಲಭವೆಂದು ಕಾಣುತ್ತದೆ. ಬೆಳಗ್ಗೆಯೆಲ್ಲ ಕುಕ್ಕರಗಾಲಲ್ಲಿ ಕೂತ ಮಂಡಿಗೆ ಸಾವಿರ ಮೆಟ್ಟಿಲಿನ ಇಳಿತ ಏರಿಗಿಂತ ಕಷ್ಟ. ದೊಡ್ಡ ನಂದಿಯವರೆಗೆ ಇಳಿದು ಅಲ್ಲಿಂದ ರಸ್ತೆ ಹಿಡಿಯಿರಿ.

ಅರಮನೆಯ ದೀಪಾಲಂಕಾರಕ್ಕೆ ಭಾನುವಾರದ ಸಂಜೆ ಬಿಡುವು ಕೇಳಿಟ್ಟುಕೊಳ್ಳಿ. ದೀಪ ಹತ್ತುವುದು ಏಳರ ಹೊತ್ತಿಗೆ, ಮುಕ್ಕಾಲು ಗಂಟೆಯಷ್ಟೇ. ಫಾರ್ಮಿನ ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆಂದು ಬರುವಾಗಲೇ ಕಂಡಕ್ಟರಿಗೆ ಕೇಳಿ. ಶಕ್ತಿ ಯೋಜನೆಯ ಉಚಿತ ಟಿಕೆಟ್‌ಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು, ಹೊರರಾಜ್ಯದ ಗೆಳತಿಯರು ಚಿಲ್ಲರೆ ಇಟ್ಟುಕೊಂಡಿರಲಿ.