ಮನೆ ಖಾಲಿ ಮಾಡುವ ಮುಂಚಿನ ಬೇಸಿಗೆ: ಚಿಕ್ಕ ಮಕ್ಕಳೊಂದಿಗೆ ಮೈಸೂರು–ಮಂಡ್ಯ ಸೀಮೆ ಸುತ್ತಿದ ಬಗೆ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗೆ ರಜೆ, ಮೇ ಕೊನೆಗೆ ಮತ್ತೆ ಶುರು. ಜೂನ್ ಕೊನೆಗೋ ಜುಲೈಗೋ ಆಷಾಢ ಹಿಡಿಯುತ್ತದೆ, ಆಗ ಮನೆ ಬದಲಿಸಲು ಹಿರಿಯರು ಒಪ್ಪುವುದಿಲ್ಲ. ಹಾಗಾಗಿ ಮೈಸೂರು ಬಿಟ್ಟು ಬೇರೆ ಊರಿಗೆ ಹೊರಡುವವರಿಗೆ ಸಾಮಾನು ಕಟ್ಟುವುದು, ಮಕ್ಕಳ ಟಿಸಿ, ಗ್ಯಾಸ್ ವರ್ಗಾವಣೆ ಎಲ್ಲವೂ ಈ ರಜೆಯೊಳಗೇ ಬಂದು ಬೀಳುತ್ತವೆ. ಮಕ್ಕಳಿಗೆ ಹುಟ್ಟಿದ ಸೀಮೆಯನ್ನು ಕಣ್ತುಂಬ ತೋರಿಸಬೇಕೆಂಬ ಆಸೆಗೂ ಇದೇ ಸಮಯ. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಮೊದಲು ಕೈಬಿಟ್ಟು ಹೋಗುವುದು ಸುತ್ತಾಟವೇ. ನಾವು ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದುಕೊಂಡೆವು. ದೂರದ ಜಾಗಗಳು ಮೊದಲು, ಹತ್ತಿರದವು ಕೊನೆಗೆ. ಮನೆಯಲ್ಲಿ ಪೆಟ್ಟಿಗೆಗಳು ಹೆಚ್ಚಿದಂತೆ ಹೋಗುವ ದೂರ ಕಡಿಮೆಯಾಗುತ್ತಾ ಬರಬೇಕು.

ದೂರ ಮೊದಲು ಅನ್ನುವುದಕ್ಕೆ ಹಕ್ಕಿ ಮತ್ತು ಮಳೆಯ ಲೆಕ್ಕವೂ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಮೇ ಹೊತ್ತಿಗೆ ಮರಿಗಳು ಬಲಿತು ಒಂದೊಂದೇ ಮರ ಖಾಲಿಯಾಗತೊಡಗುತ್ತದೆ. ಅದಕ್ಕೇ ಅದು ರಜೆಯ ಮೊದಲ ವಾರದ ಜಾಗ. ಆ ಮರಗಳಿರುವುದು ಜನರ ಹಿತ್ತಿಲು, ಅಂಗಳಗಳಲ್ಲಿ. ಕೇಳಿಕೊಂಡು ಹೋಗಬೇಕು, ಮಕ್ಕಳ ತಲೆಗೆ ಟೋಪಿ ಇರಬೇಕು, ಮರದ ಕೆಳಗೆ ಬಾಯಿ ಬಿಟ್ಟುಕೊಂಡು ಮೇಲೆ ನೋಡಬಾರದೆಂದು ಮೊದಲೇ ಹೇಳಿರಬೇಕು. ಶ್ರೀರಂಗಪಟ್ಟಣದ ರಂಗನತಿಟ್ಟಿಗೆ ಇಷ್ಟು ಅವಸರವಿಲ್ಲ, ಮೇ ತಿಂಗಳಲ್ಲೂ ನೋಡಲು ಬೇಕಾದಷ್ಟಿರುತ್ತದೆ. ಆದರೆ ಮುಂಗಾರು ಹಿಡಿದು ಕೆಆರ್‌ಎಸ್ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಆದ್ದರಿಂದ ಜೂನ್‌ಗೆ ಇಟ್ಟುಕೊಳ್ಳಬಾರದು. ಏಪ್ರಿಲ್ ಕೊನೆಗೆ ಭರಣಿ ಮಳೆ ಶುರುವಾದರೆ ಮಧ್ಯಾಹ್ನ ಮೂರರ ಮೇಲೆ ಯಾವಾಗ ಬೇಕಾದರೂ ಗುಡುಗು. ಬೋಳು ಬಂಡೆಯ ಜಾಗಗಳಾದ ಪಾಂಡವಪುರದ ಕುಂತಿಬೆಟ್ಟ, ಶ್ರೀರಂಗಪಟ್ಟಣದ ಕರಿಘಟ್ಟಗಳನ್ನು ಅಷ್ಟರೊಳಗೆ ಮುಗಿಸಿರಬೇಕು.

ಹೊತ್ತಿನ ವಿಷಯದಲ್ಲಿ ನಮ್ಮದು ಒಂದೇ ಕಟ್ಟುಪಾಡು: ಬೆಳಿಗ್ಗೆ ಐದೂವರೆಗೆ ಮನೆ ಬಿಡುವುದು, ಹನ್ನೊಂದಕ್ಕೆ ಮನೆ ಸೇರುವುದು. ಹಿಂದಿನ ರಾತ್ರಿಯೇ ಮಕ್ಕಳಿಗೆ ಮರುದಿನದ ಹತ್ತಿ ಬಟ್ಟೆ ಹಾಕಿ ಮಲಗಿಸಿದರೆ ಬೆಳಿಗ್ಗೆ ಎತ್ತಿ ಕಾರಿನಲ್ಲಿ ಕೂರಿಸಿದರಾಯಿತು. ಹಲ್ಲುಜ್ಜುವುದು, ಮುಖ ತೊಳೆಯುವುದು ತಲುಪಿದ ಮೇಲೆ. ಒಂದು ಬೆಳಿಗ್ಗೆಗೆ ಒಂದೇ ಜಾಗ. ಇದಕ್ಕೆ ನಾವು ಬಿಟ್ಟುಕೊಟ್ಟದ್ದು ತಲಕಾಡು–ಸೋಮನಾಥಪುರದ ಜೋಡಿಗೆ ಮಾತ್ರ. ತಲಕಾಡಿನ ಮರಳು ತಂಪಾಗಿರುವುದು ಎಂಟು ಗಂಟೆಯವರೆಗಷ್ಟೇ, ಸೋಮನಾಥಪುರದ ಕೇಶವ ದೇವಾಲಯಕ್ಕೆ ಬಿಸಿಲೇರಿದ ಮೇಲೆಯೇ ಪ್ರವೇಶ. ಒಂದು ಮುಗಿಸಿ ಇನ್ನೊಂದಕ್ಕೆ ಬರಲು ಹೊತ್ತು ಸರಿಯಾಗಿ ಹೊಂದುತ್ತದೆ. ಹದಿಮೂರನೇ ಶತಮಾನದ ಆ ಗುಡಿಯ ಹೊರಗೋಡೆಯ ಕೆಳಗಿನ ಪಟ್ಟಿಯಲ್ಲಿರುವ ಆನೆ, ಕುದುರೆ ಸಾಲುಗಳು ನಾಲ್ಕು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೇ ಇವೆ, ಎಣಿಸುತ್ತಾ ಸುತ್ತು ಹಾಕಬಹುದು. ಚಪ್ಪಲಿ ಹೊರಗೆ ಬಿಡಬೇಕಾಗುವುದರಿಂದ ಎಲ್ಲರಿಗೂ ಒಂದು ಜೊತೆ ಹಳೆಯ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಹತ್ತು ಗಂಟೆಯ ಹಾಸುಗಲ್ಲು ಎಳೆಯ ಪಾದಕ್ಕೆ ಬೊಬ್ಬೆ ಎಬ್ಬಿಸುವಷ್ಟು ಕಾದಿರುತ್ತದೆ. ಮೇಲುಕೋಟೆಯ ಯೋಗನರಸಿಂಹನ ಬೆಟ್ಟದಲ್ಲೂ ಇದೇ ಮಾತು.

ನೀರಿನ ಅಳತೆ ಹೀಗೆ: ಅರ್ಧ ದಿನಕ್ಕೆ ದೊಡ್ಡವರಿಗೆ ತಲಾ ಎರಡು ಲೀಟರ್, ಮಕ್ಕಳಿಗೆ ತಲಾ ಒಂದು ಲೀಟರ್, ಇದರ ಮೇಲೆ ಐದು ಲೀಟರಿನ ಒಂದು ಕ್ಯಾನು. ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗ ಕಾಯುತ್ತದೆ, ಆಟದ ಗುಂಗಿನಲ್ಲಿ ಬಾಯಾರಿಕೆ ಎಂದು ಹೇಳುವುದೂ ಇಲ್ಲ. ಕೇಳುವುದನ್ನು ಬಿಟ್ಟು ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು ಕುಡಿಸುವುದೇ ಸರಿ. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೇ ಹಾಕಬೇಕು. ರುಚಿಗೆಂದು ಅರ್ಧ ಲೀಟರಿಗೆ ಹಾಕಿದರೆ ಉಪ್ಪು, ಸಕ್ಕರೆ ಹೆಚ್ಚಾಗಿ ಭೇದಿ ಜಾಸ್ತಿಯಾಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮನಾಗಿ ಸವರಿದ್ದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ನಾಲ್ಕೈದು ಗಂಟೆ ಮೂತ್ರ ಮಾಡದಿದ್ದರೆ, ಮಾಡಿದ್ದು ಗಾಢ ಹಳದಿಯಾಗಿದ್ದರೆ, ಓಡಾಡುತ್ತಿದ್ದ ಮಗು ಸುಮ್ಮನೆ ಕೂತುಬಿಟ್ಟರೆ ಆ ದಿನದ ಸುತ್ತಾಟ ಅಲ್ಲಿಗೇ ನಿಲ್ಲಬೇಕು. ನೆರಳಿಗೆ ಕರೆತಂದು ಕತ್ತು, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗುಟುಕು ಗುಟುಕಾಗಿ ಕುಡಿಸಿ. ಮೈ ಸುಡುತ್ತಿದ್ದು ಮಾತು ತಡವರಿಸಿದರೆ ನೇರ ಆಸ್ಪತ್ರೆಗೆ. ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಐದು ನಿಮಿಷಕ್ಕೂ ಬಿಡಬಾರದು, ಕಿಟಕಿ ಸ್ವಲ್ಪ ಇಳಿಸಿದ್ದರೂ ಕೂಡ.

ಬುತ್ತಿಗೆ ತೆಂಗಿನಕಾಯಿ ಹಾಕಿದ್ದೇನೂ ಬೇಡ. ಬಿಸಿಲಲ್ಲಿ ಕಾಯಿತುರಿ ಮೂರು ಗಂಟೆಯೊಳಗೆ ಕೆಡುತ್ತದೆ. ಚಿತ್ರಾನ್ನಕ್ಕೆ ತುರಿ ಉದುರಿಸಬೇಡಿ, ಇಡ್ಲಿಗೆ ಚಟ್ನಿಯ ಬದಲು ಚಟ್ನಿಪುಡಿಗೆ ಎಣ್ಣೆ ಕಲಸಿ ಒಯ್ಯಿರಿ. ಮೊಸರನ್ನ ಹುಳಿಯಾಗುವುದು ಮನೆಯಲ್ಲೇ ಪೂರಾ ಮೊಸರು ಕಲಸುವುದರಿಂದ. ಒಂದು ಪಾವು ಅಕ್ಕಿಯನ್ನು ಮೆತ್ತಗೆ ಬೇಯಿಸಿ ಕಿವುಚಿ, ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಅರ್ಧ ಲೀಟರ್ ಹಾಲು, ಒಂದು ದೊಡ್ಡ ಚಮಚ ಮೊಸರು, ಉಪ್ಪು ಸೇರಿಸಿ. ಐದಕ್ಕೆ ಕಲಸಿದ್ದು ಒಂಬತ್ತೂವರೆಗೆ ಡಬ್ಬಿ ತೆರೆದಾಗ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಇರುವುದಿಲ್ಲ. ಚಾಮುಂಡಿ ಬೆಟ್ಟ, ಮೇಲುಕೋಟೆಗಳಲ್ಲಿ ಕೋತಿಗಳಿಗೆ ಪ್ಲಾಸ್ಟಿಕ್ ಕವರೆಂದರೆ ತಿಂಡಿ ಎಂದೇ ಗೊತ್ತು. ಡಬ್ಬಿಗಳು ಜಿಪ್ ಇರುವ ಬೆನ್ನುಚೀಲದೊಳಗಿರಲಿ, ಮಕ್ಕಳ ಕೈಯಲ್ಲಿ ಬಿಸ್ಕತ್ತು ಕೂಡ ಬೇಡ.

ಇನ್ನು ನೀರಿಗೆ ಇಳಿಯುವ ಮಾತು. ಈ ಸೀಮೆಯಲ್ಲಿ ಬೇಸಿಗೆಯ ಸುತ್ತಾಟ ಎಂದರೆ ಬಲಮುರಿ, ಎಡಮುರಿ, ಸಂಗಮ, ಮುತ್ತತ್ತಿ ಎಂದು ಎಲ್ಲರೂ ಹೇಳುತ್ತಾರೆ, ಪ್ರತಿ ಬೇಸಿಗೆಯಲ್ಲೂ ಇಲ್ಲೆಲ್ಲ ಜೀವ ಹೋಗುತ್ತದೆ. ಕಾವೇರಿಯ ತಳ ಸಮತಟ್ಟಲ್ಲ. ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಬಂಡೆಯ ಸಂದಿನ ಮಡುವಿರುತ್ತದೆ, ಮರಳು ತೆಗೆದ ಗುಂಡಿಯಿರುತ್ತದೆ, ಮೇಲಿಂದ ನೋಡಿದರೆ ಎರಡೂ ಒಂದೇ ಬಣ್ಣ. ಬಲಮುರಿಯ ಕಟ್ಟೆಯ ಮೇಲೆ ತೆಳುವಾಗಿ ಹರಿಯುವ ನೀರಿನಡಿ ಪಾಚಿ ಕಟ್ಟಿರುತ್ತದೆ, ದೊಡ್ಡವರ ಕಾಲೂ ನಿಲ್ಲುವುದಿಲ್ಲ. ಮೇಲೆ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಮಟ್ಟ ಏರುವುದು ಮೋಡ, ಮಳೆ ಯಾವ ಸುಳಿವೂ ಇಲ್ಲದೆ. ಮುತ್ತತ್ತಿಯನ್ನು ನಾವು ಪಟ್ಟಿಯಿಂದಲೇ ತೆಗೆದೆವು. ಉಳಿದ ಕಡೆ ಮಕ್ಕಳಿಗೆ ಪಾದ ಮುಳುಗುವಷ್ಟೇ ನೀರು, ಒಬ್ಬ ದೊಡ್ಡವರು ಹೊಳೆ ಹರಿಯುವ ದಿಕ್ಕಿನ ಕೆಳಗಡೆ ಮಕ್ಕಳ ಕೈಗೆಟಕುವಷ್ಟು ಹತ್ತಿರ ನಿಂತಿರಬೇಕು, ಕೈಯಲ್ಲಿ ಫೋನ್ ಇರಬಾರದು. ಗಾಳಿ ತುಂಬುವ ತೋಳಪಟ್ಟಿ ನಂಬಿ ಬಿಡಬಾರದು.

ನದಿಗಿಂತ ಅಪಾಯ ನಾಲೆ. ವಿಶ್ವೇಶ್ವರಯ್ಯ ನಾಲೆಯ ಇಳಿಜಾರಿಗೆ ಕಾಂಕ್ರೀಟ್ ಹಾಕಿದ ಕಡೆಗಳಲ್ಲಿ ಹಿಡಿಯಲು ಹುಲ್ಲುಕಡ್ಡಿಯೂ ಇಲ್ಲ, ಈಜು ಬಲ್ಲವರೂ ಮೇಲೆ ಹತ್ತಲಾರದೆ ಸೋಲುತ್ತಾರೆ. ನೀರನ್ನು ಸರದಿಯ ಮೇಲೆ ಬಿಡುವುದರಿಂದ ನಿನ್ನೆ ಒಣಗಿದ್ದದ್ದು ಇವತ್ತು ತುಂಬಿ ಹರಿಯಬಹುದು. ಏರಿಯ ಮೇಲೆ ಕಾರು ನಿಲ್ಲಿಸುವುದು, ಕೈಕಾಲು ತೊಳೆಯಲು ಇಳಿಯುವುದು ಎರಡೂ ಬೇಡ.

ಕಾರಿನಲ್ಲಿ ಯಾವಾಗಲೂ ಹದಿನೈದು ಮೀಟರಿನ, ಹೆಬ್ಬೆರಳಿನ ಅರ್ಧದಷ್ಟು ದಪ್ಪದ ನೈಲಾನ್ ಹಗ್ಗ ಇರುತ್ತಿತ್ತು. ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರುವವರೂ ಮುಳುಗುತ್ತಾರೆ. ಐದು ಲೀಟರಿನ ಕ್ಯಾನಿನ ನೀರು ಚೆಲ್ಲಿ, ಎಸೆಯಲು ತೂಕ ಬರಲೆಂದು ಒಂದು ಲೋಟದಷ್ಟು ಮಾತ್ರ ಉಳಿಸಿ, ಮುಚ್ಚಳ ಬಿಗಿದು, ಹಿಡಿಗೆ ಹಗ್ಗ ಕಟ್ಟಿ ಎಸೆಯಬೇಕು. ಅದು ತೇಲುತ್ತದೆ, ತಬ್ಬಿಕೊಳ್ಳಲು ಸಿಗುತ್ತದೆ. ಎಸೆಯುವವರು ನೆಲಕ್ಕೆ ಕೂತು ಕಾಲು ಊರಿ ಎಳೆಯಬೇಕು, ನಿಂತು ಎಳೆದರೆ ತಾವೇ ಜಾರುತ್ತಾರೆ. ಮನೆಯ ಮುಂದಿನ ರಸ್ತೆಯಲ್ಲಿ ಒಂದೆರಡು ಸಲ ಎಸೆದು ಗುರಿ ಕಲಿತಿರಿ.

ಗುಡುಗಿನ ಲೆಕ್ಕ ಸುಲಭ. ಮಿಂಚು ಕಂಡು ಶಬ್ದ ಕೇಳುವುದರೊಳಗೆ ಮೂವತ್ತು ಎಣಿಸಲು ಆಗದಿದ್ದರೆ ಕಾರು ಅಥವಾ ಪಕ್ಕಾ ಕಟ್ಟಡದೊಳಗೆ ಸೇರಬೇಕು, ಕೊನೆಯ ಗುಡುಗಾಗಿ ಅರ್ಧ ಗಂಟೆ ಹೊರಬರಬಾರದು. ಒಂಟಿ ಮರದಡಿ ನಿಲ್ಲುವುದು ಬಂಡೆಯ ಮೇಲೆ ನಿಲ್ಲುವಷ್ಟೇ ಅಪಾಯ.

ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಟಿಲನ್ನು ಮಕ್ಕಳೊಂದಿಗೆ ಹತ್ತುವ ಬದಲು ಬಸ್ಸಿನಲ್ಲಿ ಮೇಲೆ ಹೋಗಿ ನಂದಿಯವರೆಗೆ ಇಳಿಯಿರಿ. ಮಕ್ಕಳ ಕಾಲಿಗೆ ಅಷ್ಟು ಸಾಕು, ಅಲ್ಲಿ ರಸ್ತೆಯೂ ಸಿಗುತ್ತದೆ. ರಂಗನತಿಟ್ಟಿನಲ್ಲಿ ಬಾಗಿಲು ತೆರೆದೊಡನೆ ಮೊದಲ ದೋಣಿ ಹತ್ತಿದರೆ ಗದ್ದಲವಿಲ್ಲ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಮೈಯ ಬಿಸಿ ಇಳಿಸಿಕೊಳ್ಳುತ್ತಿರುತ್ತದೆ ಎಂದು ಮಕ್ಕಳಿಗೆ ತೋರಿಸಿ, ಕೈ ದೋಣಿಯ ಹೊರಗೆ ಚಾಚದಂತೆ ನಡುವೆ ಕೂರಿಸಿಕೊಳ್ಳಿ. ಗಗನಚುಕ್ಕಿಯನ್ನು ಬೇಸಿಗೆಗೆ ಇಟ್ಟುಕೊಳ್ಳಬೇಡಿ. ಇರುವ ಅಲ್ಪ ನೀರೂ 1902ರಿಂದ ಕರೆಂಟು ತೆಗೆಯುತ್ತಿರುವ ಶಿವನಸಮುದ್ರದ ಪವರ್ ಹೌಸ್ ಕಡೆ ಹೋಗಿರುತ್ತದೆ, ಕಾಣುವುದು ಬಂಡೆ. ಕಾರಿಲ್ಲದವರಿಗೆ ಶ್ರೀರಂಗಪಟ್ಟಣಕ್ಕೆ ರೈಲೇ ಚೆಂದ: ನಿಲ್ದಾಣದಿಂದ ರಂಗನಾಥಸ್ವಾಮಿ ಗುಡಿಗೆ ನಡೆದೇ ಹೋಗಬಹುದು, ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಸ್ಕೂಟರಿನಲ್ಲಿ ಹೋಗುವವರು ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ ಹೋಗುವಂತಿಲ್ಲ, ಸರ್ವಿಸ್ ರಸ್ತೆಯೇ ಗತಿ. 9 ತಿಂಗಳಿಂದ 4 ವರ್ಷದ ಮಗುವಿಗೆ ಅದರ ತಲೆಗೆ ಹೊಂದುವ ಹೆಲ್ಮೆಟ್ಟು, ಸವಾರನಿಗೆ ಕಟ್ಟುವ ಬೆಲ್ಟು ಕಡ್ಡಾಯ, ವೇಗ 40 ಕಿ.ಮೀ. ಮೀರಬಾರದು.

ಸುತ್ತಾಟಕ್ಕೆಂದು ಕೊಂಡದ್ದೆಲ್ಲ ಮನೆ ಸಾಗಿಸಲೂ ಬರುವಂತೆ ನೋಡಿಕೊಂಡೆವು. ಹನ್ನೆರಡು ಅಡಿಗೆ ಒಂಬತ್ತು ಅಡಿಯ ಟಾರ್ಪಾಲು ಹೊಳೆದಂಡೆಯಲ್ಲಿ ಹಾಸು, ಸಾಗಿಸುವ ದಿನ ಹಾಸಿಗೆಗಳಿಗೆ ಹೊದಿಕೆ. ಮೇ ಮಳೆಗೆ ನೆನೆದ ಹತ್ತಿ ಹಾಸಿಗೆ ಮತ್ತೆ ಒಣಗಲು ವಾರ ಬೇಕು. ಹಗ್ಗವೂ ಅಷ್ಟೇ. ಏಪ್ರಿಲ್‌ನಲ್ಲೇ ಕಟ್ಟಬಹುದಾದದ್ದು ಪುಸ್ತಕ, ಚಳಿ ಬಟ್ಟೆ, ಅಟ್ಟದ ಪಾತ್ರೆ, ದಸರಾ ಗೊಂಬೆ. ಪುಸ್ತಕಕ್ಕೆ ಔಷಧಿ ಅಂಗಡಿಯ ಚಿಕ್ಕ ಪೆಟ್ಟಿಗೆ ಸಾಕು, ಹದಿನೈದು ಕಿಲೋ ಮೀರಿದರೆ ತಳ ಬಿಡುತ್ತದೆ. ಹೆಸರನ್ನು ಪೆಟ್ಟಿಗೆಯ ನೆತ್ತಿಯ ಮೇಲಲ್ಲ, ಎರಡು ಪಕ್ಕಗಳಲ್ಲಿ ಬರೆಯಿರಿ, ಒಂದರ ಮೇಲೊಂದು ಪೇರಿಸಿದಾಗ ನೆತ್ತಿ ಕಾಣುವುದಿಲ್ಲ. ಆಟದ ಸಾಮಾನನ್ನು ಮಕ್ಕಳ ಎದುರಿಗೇ ತುಂಬಿ, ಪೆಟ್ಟಿಗೆಯ ಮೇಲೆ ಅವರೇ ಚಿತ್ರ ಬರೆಯಲಿ. ಮಲಗಿದ್ದಾಗ ಕಟ್ಟಿಟ್ಟರೆ ಕಳೆದುಹೋಯಿತೆಂದು ಅಳುತ್ತಾರೆ.

ಕಚೇರಿ ಕೆಲಸದ ದಿನ ಸುತ್ತಾಟ ಇಟ್ಟುಕೊಳ್ಳಬಾರದು. ಟಿಸಿ ಕೇಳುವಾಗ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಾಲಾ ದಾಖಲೆಯಲ್ಲಿನ ವಿದ್ಯಾರ್ಥಿ ಗುರುತಿನ ಸಂಖ್ಯೆ) ಸರಿಯಿದೆಯೇ, ಹೆಸರು, ಹುಟ್ಟಿದ ದಿನ ಆಧಾರ್‌ಗೆ ಹೊಂದುತ್ತವೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ, ಊರು ಬಿಟ್ಟ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. ಬೇರೆ ಊರಿಗಾದರೆ ಸಿಲಿಂಡರು, ರೆಗ್ಯುಲೇಟರು ಏಜೆನ್ಸಿಗೆ ಕೊಟ್ಟು ವರ್ಗಾವಣೆ ಚೀಟಿ ಪಡೆಯಬೇಕು. ಆಮೇಲೆ ಒಲೆ ಉರಿಯುವುದಿಲ್ಲವಾದ್ದರಿಂದ ಇದು ಕೊನೆಯ ಎರಡು ದಿನದ ಕೆಲಸ. ಆ ಎರಡು ದಿನದ ಸುತ್ತಾಟ ಕುಕ್ಕರಹಳ್ಳಿ ಕೆರೆ ಏರಿ, ಕಾರಂಜಿ ಕೆರೆಗಳಿಗೆ ಸೀಮಿತ. ಕಾರಂಜಿ ಕೆರೆಗೂ ಮೃಗಾಲಯಕ್ಕೂ ಮಂಗಳವಾರ ರಜೆ.

ತಿಂಗಳ ಕೊನೆಯ ಮೂರು ದಿನ ಗಾಡಿ, ಆಳು ಎರಡೂ ದುಬಾರಿ, ನಡುವಾರದ ದಿನ ಹಿಡಿಯಿರಿ. ಲೋಡ್ ಮಾಡುವ ಬೆಳಿಗ್ಗೆ ಒಬ್ಬರು ಮನೆಯಲ್ಲಿ, ಇನ್ನೊಬ್ಬರು ಮಕ್ಕಳನ್ನು ಕರೆದುಕೊಂಡು ಕೆರೆಯ ಹತ್ತಿರ. ಭಾರದ ಬೀರು ಇಳಿಸುವ ಮೆಟ್ಟಿಲಲ್ಲಿ ಮಕ್ಕಳಿರಬಾರದು. ಮಕ್ಕಳ ತಾಯಿ ಕಾರ್ಡು, ಟಿಸಿ, ಔಷಧಿ, ಒಂದು ಜೊತೆ ಬಟ್ಟೆ, ಹಾಲುಕ್ಕಿಸುವ ಪಾತ್ರೆ, ದೀಪ, ಬೆಂಕಿಪೊಟ್ಟಣ ಇವು ಲಾರಿಗೆ ಹೋಗದೆ ನಿಮ್ಮ ಕೈಚೀಲದಲ್ಲೇ ಇರಲಿ.